ಒಂದು ನಿಮಿಷದ ಕೊಟೇಶನ್

ಗೋಣಿಕೊಪ್ಪದ ನಿಝಾಮ್ ಕಳಿಸಿದ ಹಾಳೆಯಲ್ಲಿ
ಹನ್ನೊಂದು ಸಾಲು, ಕೆಳಗೊಂದು ಗೀಟು, ಗೀಟಿನ ಕೆಳಗೆ
ಒಂದು ಲಕ್ಷ ಐವತ್ತೊಂಬತ್ತು ಸಾವಿರದ ಐನೂರು.
ಜಿಎಸ್‌ಟಿ ಬೇರೆ.
ಸಿನಿಮಾ ಅಲ್ಲ, ಮದುವೆಯೂ ಅಲ್ಲ, ಒಂದೇ ನಿಮಿಷದ ವಿಡಿಯೊ,
ಪೊನ್ನಂಪೇಟೆಯ ನನ್ನ ಶೆಡ್ಡಿನ ಕಾಚಂಪುಳಿಗೆ.

ನನಗೆ ರೂಪಾಯಿಯಲ್ಲಿ ಯೋಚಿಸಲು ಬರುವುದಿಲ್ಲ,
ಮುನ್ನೂರೈವತ್ತರ ಬಾಟಲಿಯಲ್ಲೇ ಎಣಿಕೆ.
ಡ್ರೋನ್: ಮೂವತ್ತನಾಲ್ಕು ಬಾಟಲಿ, ಮೇಲೊಂದು ಚೂರು.
ಹಣ್ಣು ಬಿದ್ದಿರುವುದು ನೆಲದಲ್ಲಿ, ಮಾರಾಯ,
ಆಕಾಶದಿಂದ ಕಾಣುವುದು ಪಕ್ಕದ ಮುದ್ದಪ್ಪನವರ ತಗಡು.
ಹೊಡೆದು ಹಾಕಿದೆ.

ಕೊನೆಯ ಸಾಲು: ಅನಿರೀಕ್ಷಿತ ಖರ್ಚು, ಮಳೆ ಇತ್ಯಾದಿ, ಶೇಕಡಾ ಹತ್ತು.
ಫೋನಿನಲ್ಲೇ ಕೇಳಿದೆ:
ಕೊಡಗಿನಲ್ಲಿ, ಜುಲೈಯಲ್ಲಿ, ಮಳೆ ಅನಿರೀಕ್ಷಿತವೇ?
ಬಿಸಿಲು ಬಂದರೆ ಹೇಳು, ಅದಕ್ಕೆ ಕೊಡುತ್ತೇನೆ.
ನಕ್ಕ. ಹತ್ತನ್ನು ಐದು ಮಾಡಿದ.

ಹತ್ತು ಲೀಟರ್ ಒಂದಾಗುವವರೆಗೆ
ಮಡಕೆಯ ಮುಂದೆ ಕೂರುವವಳಿಗೆ ಇಳಿಸುವುದು ಹೊಸದಲ್ಲ.
ಹೊತ್ತು ಮೀರಿದರೆ ತಳ ಹಿಡಿಯುತ್ತದೆ, ಅದೂ ಗೊತ್ತು.
ಹಾಳೆಯಲ್ಲಿ ಸೀದ ವಾಸನೆ ಬರುವುದಿಲ್ಲ, ಅಷ್ಟೇ.

ಸೌಂಡ್ ರೆಕಾರ್ಡಿಂಗ್, ಒಂಬತ್ತು ಸಾವಿರ.
ಇದೇಕೆ, ಮಾತೇ ಇಲ್ಲವಲ್ಲ ಎಂದೆ.
ಬೇಡದಿದ್ದರೆ ಬಿಡಿ ಮೇಡಂ, ಬುಟ್ಟಿಯಿಂದ ರಸ ತೊಟ್ಟಿಕ್ಕುವ ಸದ್ದು
ರೆಡಿಮೇಡ್ ಸಿಗುತ್ತದೆ, ಪುಕ್ಕಟೆ.
ಕೇಳಿಸಿದ. ಯಾವುದೋ ದೇಶದ ಯಾವುದೋ ನಲ್ಲಿ.
ನೀರಿಗೆ ಅವಸರ.
ಹುಳಿಯ ತೊಟ್ಟು ಬೀಳುವ ಮೊದಲು ಒಮ್ಮೆ ಯೋಚಿಸುತ್ತದೆ.
ಒಂಬತ್ತು ಸಾವಿರ ಇರಲಿ ಎಂದೆ.

ಏಳನೆಯದು: ಹ್ಯಾಂಡ್ ಮಾಡೆಲ್, ಮೈಸೂರಿನಿಂದ, ಹದಿನಾಲ್ಕು ಸಾವಿರ.
ಎಂಟನೆಯದು: ಆ ಕೈಗೆ ಮೇಕಪ್, ಐದು.
ಕೈ ಮಾತ್ರವಾ?
ಮುಖಕ್ಕೆ ರೇಟ್ ಬೇರೆ ಮೇಡಂ.

ಎರಡನ್ನೂ ಹೊಡೆದೆ. ಹತ್ತೊಂಬತ್ತು ಉಳಿಯಿತು ಎಂದು
ಒಂದು ಲೋಟ ಬೆಲ್ಲದ ಕಾಫಿ ಕುಡಿದೆ.
ಬೋಜಿ ಇದ್ದಾಳಲ್ಲ, ಹನ್ನೆರಡು ವರ್ಷದಿಂದ ಹಣ್ಣು ಹೆಕ್ಕುವವಳು.
ಉಗುರಿನ ಸುತ್ತ ಕಪ್ಪು ಕೂತ ಕೈ.
ಸೋಪಿಗೂ ಹೋಗದ್ದು, ಮೇಕಪ್ಪಿಗೂ ಬಾರದ್ದು.

ಬೋಜಿ ಬುಟ್ಟಿ ಇಳಿಸಿ ಕೇಳಿದಳು:
ಹೆಕ್ಕಿದರೆ ದಿನಕ್ಕೆ ನಾನೂರೈವತ್ತು.
ಹೆಕ್ಕಿದ ಹಾಗೆ ಮಾಡಿದರೆ ಎಷ್ಟಕ್ಕಾ?

ಎರಡೂ ಒಂದೇ ಅಲ್ಲವಾ ಎಂದೆ.
ಒಂದೇ ಅಲ್ಲ.
ಹೆಕ್ಕುವಾಗ ನನ್ನ ಕಣ್ಣು ಹಣ್ಣಿನ ಮೇಲೆ.
ಅವತ್ತು ಎಲ್ಲರ ಕಣ್ಣೂ ನನ್ನ ಕೈ ಮೇಲೆ.
ಆಮೇಲೆ, ಮೆಲ್ಲಗೆ, ಅಂಗೈ ಸೆರಗಿಗೆ ಒರೆಸಿಕೊಳ್ಳುತ್ತ:
ಆ ಬರಬೇಕಿದ್ದವಳಿಗೆ ಎಷ್ಟು ಬರೆದಿತ್ತು?

ಹೇಳಬಾರದಿತ್ತು. ಹೇಳಿದೆ.

ಏಳು ಸಾವಿರಕ್ಕೆ ಮಾತು ನಿಂತಿತು.
ಖುಷಿಯಾದಳೋ ಇಲ್ಲವೋ,
ಬುಟ್ಟಿ ಎತ್ತಿ ತಲೆಯ ಮೇಲೆ ಇಟ್ಟುಕೊಂಡಳು,
ಕೈ ಕಾಣಲಿಲ್ಲ.

ರಾತ್ರಿ ಬಾಟಲಿಯಲ್ಲಿ ಎಣಿಸಿದೆ.
ಮೈಸೂರಿನ ಕೈಗೆ ನಲವತ್ತು, ಬೋಜಿಯ ಕೈಗೆ ಇಪ್ಪತ್ತು.
ಇಡೀ ಹಾಳೆಯಲ್ಲಿ
ಚೂರೂ ಉಳಿಯದೆ ಭಾಗವಾದ ಲೆಕ್ಕ ಇವೆರಡೇ.
ಗುಮಾಸ್ತರು ಮೆಚ್ಚುವಂಥದ್ದು.

ಬೆಳಿಗ್ಗೆ ನಿಝಾಮ್‌ಗೆ ಅರ್ಧ ಮುಂಗಡ ಹೋಗಬೇಕು.
ಏಳನೇ ಸಾಲಿನ ಮೇಲೆ ಪೆನ್ನು ಊರಿ ಕೂತಿದ್ದೇನೆ,
ಶಾಯಿ ಅಲ್ಲೇ ಹರಡುತ್ತಿದೆ.
ಕತ್ತಲ ಶೆಡ್ಡಿನಲ್ಲಿ ಬುಟ್ಟಿಯಿಂದ ಒಂದು ತೊಟ್ಟು.
ಇನ್ನೂ
ಬೀಳದ ಇನ್ನೊಂದು.